ಧ್ವನಿಲೇಖನ ತಂತ್ರಾಂಶದ ಆಯ್ಕೆ ಮತ್ತು ಮತ್ತಿಗಿರಿ ಸೀಮೆಯ ಕನ್ನಡ: ಒಂದು ವಿಮರ್ಶೆ

ಮಾತನ್ನು ಕೇಳಿ ಅಕ್ಷರ ಮೂಡಿಸುವ ತಂತ್ರಾಂಶಗಳು ಕನ್ನಡಕ್ಕೂ ಬಂದು ಕೆಲವು ವರ್ಷಗಳಾದವು. ಗೂಗಲ್ ಸಂಸ್ಥೆ 2017ರಲ್ಲಿ ಕನ್ನಡಕ್ಕೆ ಈ ಸೌಲಭ್ಯ ಕೊಟ್ಟಿತು. 2022ರಲ್ಲಿ ಓಪನ್ ಎಐ ಸಂಸ್ಥೆ ಹೊರತಂದ ವಿಸ್ಪರ್, ಕನ್ನಡವನ್ನೂ ಒಳಗೊಂಡು, ಅಂತರ್ಜಾಲವಿಲ್ಲದೆ ನಮ್ಮ ಗಣಕದಲ್ಲೇ ನಡೆಯಬಲ್ಲದು. ಬರೆಯುವಾಗ ಕೈ ನಡುಗುವ ನನ್ನಂಥವನಿಗೆ ಇವು ದೊಡ್ಡ ಉಪಕಾರವೇ ಸರಿ. ಆದರೆ ಉಪಭಾಷೆಯ ಅಧ್ಯಯನಕ್ಕೆ ಇವುಗಳನ್ನು ಆರಿಸುವಾಗ ನಾವು "ಯಾವುದು ತಪ್ಪಿಲ್ಲದೆ ಬರೆಯುತ್ತೆ?" ಅಂತ ಕೇಳುತ್ತೇವೆ. ಆಡಿದ್ದನ್ನೇ ಬರೆಯುವುದು ಯಾವುದು ಎಂದು ಕೇಳಬೇಕಾಗಿತ್ತು ಎಂಬುದು ಪ್ರಸ್ತುತ ಲೇಖನದ ವಾದ.

ಒಂದು ನಿದರ್ಶನ. ಮತ್ತಿಗಿರಿಯಲ್ಲಿ 1824ರಷ್ಟು ಹಳೆಯದಾದ ದನಗಳ ಫಾರಂ ಇದೆ. ಅಲ್ಲಿ ದುಡಿದ ನೆರೆಮನೆಯ ಹಿರಿಯರೊಬ್ಬರನ್ನು ಗಣಕದ ಮುಂದೆ ಕೂರಿಸಿದೆ. ಅವರು "ಅಸ ಈದೈತೆ ಸಾಮಿ, ಆಲ್ ಕರೀಬೇಕು" ಎಂದರು. ನನ್ನಲ್ಲಿದ್ದ ತಂತ್ರಾಂಶ "ಹಸು ಈದಿದೆ ಸ್ವಾಮಿ, ಹಾಲು ಕರೆಯಬೇಕು" ಎಂದು ಬರೆಯಿತು. ಅರ್ಥವೇನೂ ಕೆಡಲಿಲ್ಲ. ಆದರೆ ಪದಾದಿಯ ಹಕಾರಲೋಪ, 'ಅಸ' ಎಂಬ ಅಕಾರಾಂತ ರೂಪ, 'ಐತೆ' ಎಂಬ ಕ್ರಿಯಾರೂಪ, 'ಸಾಮಿ'ಯಲ್ಲಿನ ವಕಾರಲೋಪ, ಇಷ್ಟೂ ಒಂದೇ ವಾಕ್ಯದಲ್ಲಿ ಅಳಿಸಿಹೋದವು. ಓದಿ ಹೇಳಿದಾಗ ಅವರು ನಕ್ಕುಬಿಟ್ಟರು: "ನಾನಿಂಗೆ ಏಳ್ಲಿಲ್ಲ ಸಾಮಿ, ಇದು ನಿಮ್ ಮಾತು."

ಕಾರಣ ಸ್ಪಷ್ಟವಾಗಿದೆ. ಈ ತಂತ್ರಾಂಶಗಳು ಧ್ವನಿಯನ್ನು ಕೇಳುವುದರ ಜೊತೆಗೆ, ತಾವು ಕಲಿತ ಸಾಮಗ್ರಿಯನ್ನು ಆಧರಿಸಿ ಅಲ್ಲಿ ಯಾವ ಪದ ಇರಬಹುದೆಂದು ಊಹಿಸುತ್ತವೆ. ಆ ಸಾಮಗ್ರಿಯಲ್ಲಿ ಶಿಷ್ಟರೂಪಕ್ಕೇ ಪ್ರಾಧಾನ್ಯ. ಮದರಾಸಿನ ಐಐಟಿಯ ಎಐ ಫಾರ್ ಭಾರತ್ ತಂಡದ 'ಶ್ರುತಿಲಿಪಿ' ಎಂಬ ಸಂಗ್ರಹಕ್ಕೆ ಆಕಾಶವಾಣಿಯ ವಾರ್ತೆಗಳೇ ಆಕರ. ವಾರ್ತೆ ಓದುವವರು 'ಅಸ' ಎನ್ನುವುದುಂಟೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳಲ್ಲಿ ಉಪಭಾಷಾಭೇದವನ್ನು ಗಮನಿಸಿ ಧ್ವನಿ ಸಂಗ್ರಹಿಸಿರುವುದು ಈ ದೃಷ್ಟಿಯಿಂದ ಸ್ವಾಗತಾರ್ಹ.

ಇಲ್ಲಿ ಪತಂಜಲಿಯ ನೆನಪಾಗುತ್ತದೆ. ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ಆತ 'ಗೌಃ' ಎಂಬ ಸಾಧುಶಬ್ದದ ಎದುರು ಜನರಾಡುವ ಗಾವೀ, ಗೋಣೀ ಮೊದಲಾದ ಅಪಭ್ರಂಶಗಳನ್ನು ಹೆಸರಿಸುತ್ತಾನೆ. ಅವನ್ನು ಅಪಶಬ್ದಗಳೆಂದೇ ಎಣಿಸಿದರೂ ಕೇಳಿದ ಹಾಗೆ ದಾಖಲಿಸಿದ. ಅವನ ಲೇಖಕ ಎಲ್ಲವನ್ನೂ 'ಗೌಃ' ಎಂದು ತಿದ್ದಿ ಬರೆದಿದ್ದರೆ ಅಂದಿನ ಆಡುಮಾತಿನ ಆ ಸುಳಿವು ನಮಗೆ ದಕ್ಕುತ್ತಿರಲಿಲ್ಲ.

ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದ ನಾನೂ ಆ ತಂತ್ರಾಂಶದ ಕೆಲಸವನ್ನೇ ಮಾಡಿದವನು. 'ಆಲು' ಎಂದ ಹುಡುಗನನ್ನು ಎದ್ದು ನಿಲ್ಲಿಸಿ 'ಹಾಲು' ಅನ್ನಿಸಿದ್ದೇನೆ. ಆದರೆ ಆ ಹುಡುಗ ಮನೆಗೆ ಹೋಗಿ ಅವರಮ್ಮನ ಹತ್ತಿರ ಮತ್ತೆ 'ಆಲು' ಅಂತಲೇ ಕೇಳುತ್ತಿದ್ದ. ತಿದ್ದಿ ಅಚ್ಚಾದ ಪಾಠಕ್ಕೆ ಹಾಗೆ ಹಿಂದಿರುಗಲು ಮನೆಯಿಲ್ಲ. ನಮ್ಮ ಸೀಮೆಯ ಎಷ್ಟೋ ಮಕ್ಕಳು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಓದುತ್ತಿದ್ದಾರೆ. ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಾಳೆ ಈ ನುಡಿಗೆ ಸಾಕ್ಷಿ ಎಂದರೆ ನಾವು ಬರೆದಿಟ್ಟದ್ದೇ.

ಆದ್ದರಿಂದ ಆಯ್ಕೆಯಲ್ಲಿ ಮೂರು ಅಂಶ ಗಮನಿಸಬೇಕು. ಒಂದು, ಊರಿನ ಹತ್ತು ವಾಕ್ಯಗಳನ್ನು ಊರಿನವರಿಂದಲೇ ಆಡಿಸಿ, ಎಷ್ಟು ದೇಶೀಯ ರೂಪಗಳು ಉಳಿದವೆಂದು ಎಣಿಸಿ ನೋಡುವುದು. ಎರಡು, ಸಾಧ್ಯವಾದಷ್ಟೂ ನಮ್ಮ ಗಣಕದಲ್ಲೇ ನಡೆಯುವಂಥದನ್ನು ಆರಿಸುವುದು. ನಂಬಿ ಮಾತಾಡಿದವರ ದನಿ ಊರು ಬಿಟ್ಟು ಹೋಗಬಾರದು. ಮೂರು, ಅದು ಬರೆದದ್ದನ್ನು ಕರಡೆಂದೇ ತಿಳಿದು, ಮೂಲಧ್ವನಿಯನ್ನು ಕಾಪಾಡಿಕೊಂಡು, ಕಿವಿಯಿಂದ ಕೇಳಿ ಮರಳಿ ತಿದ್ದುವುದು. ಪತ್ರ, ಪ್ರಬಂಧಗಳಿಗೆ ಶಿಷ್ಟರೂಪ ಕೊಡುವ ತಂತ್ರಾಂಶವೇ ಅನುಕೂಲ. ಈ ಲೇಖನದ ಕರಡನ್ನೂ ಹಾಗೆಯೇ ಬರೆಸಿದೆ. ಹಿರಿಯರ ಆ ಎರಡು ವಾಕ್ಯಗಳನ್ನು ಮಾತ್ರ ಕೈಯಲ್ಲಿ ಬರೆದೆ.