ಡ್ರ್ಯಾಗನ್‌ಗೊಂದು ಹೆಸರು

‘ಮ್ಯಾಜಿಕ್: ದ ಗ್ಯಾದರಿಂಗ್’ ಕಾರ್ಡ್ ಆಟದ ‘ಲೆಜೆಂಡ್ಸ್’ ಕಂತಿನಲ್ಲಿ (1994) ಐದು ಹಿರಿಯ ಡ್ರ್ಯಾಗನ್‌ಗಳಿವೆ. ಒಂದರ ಹೆಸರು ಕ್ರೋಮಿಯಂ. ಶಾಲೆಯಲ್ಲಿ ರಸಾಯನಶಾಸ್ತ್ರ ಓದಿದ ನನಗೆ ಅದು ರೆಕ್ಕೆ ಬಿಚ್ಚುವ ಮೊದಲೇ ಸ್ಟೀಲ್ ಪಾತ್ರೆಯಾಗಿಬಿಡುತ್ತದೆ. ಅರ್ಥ ಮೊದಲೇ ಗೊತ್ತಿರುವ ಹೆಸರಿನಲ್ಲಿ ಭಯಕ್ಕೆ ಜಾಗವಿಲ್ಲ.

ಇನ್ನೊಂದು ವೇವಿಕ್ಟಿಸ್ ಅಸ್ಮಾಡಿ. ಬರೀ ಸದ್ದು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು: ‘ವೇ ವಿಕ್ಟಿಸ್’ ಎಂದರೆ ಲ್ಯಾಟಿನ್‌ನಲ್ಲಿ ‘ಸೋತವರಿಗೆ ಕೇಡು’. ರೋಮನ್ನರು ಬಿಡುಗಡೆಗಾಗಿ ಚಿನ್ನ ತೂಗುತ್ತ, ತೂಕದ ಕಲ್ಲಿನಲ್ಲಿ ಮೋಸವಿದೆಯೆಂದು ತಕರಾರು ತೆಗೆದಾಗ ಗಾಲರ ನಾಯಕ ಬ್ರೆನ್ನಸ್ ತನ್ನ ಕತ್ತಿಯನ್ನೂ ತಕ್ಕಡಿಗೆ ಹಾಕಿ ಹೀಗೆಂದನಂತೆ. ಲಿವಿ ಬರೆದಿಟ್ಟ ಕತೆ. ಸೋಲು-ಗೆಲುವಿನ ಆಟಕ್ಕೆ ಇದಕ್ಕಿಂತ ತಕ್ಕ ಹೆಸರಿಲ್ಲ ಎಂದು ಬಹುಕಾಲ ನಂಬಿದ್ದೆ.

ಆ ನಂಬಿಕೆ ಅಲುಗಿದ್ದು 2015ರ ‘ಡ್ರ್ಯಾಗನ್ಸ್ ಆಫ್ ತಾರ್ಕಿರ್’ ಕಂತಿನಿಂದ. ಡ್ರೊಮೋಕ, ಅಟಾರ್ಕ: ಸ್ವರದಲ್ಲಿ ಮುಗಿಯುವ, ಕನ್ನಡದ ನಾಲಿಗೆಗೂ ಒಗ್ಗುವ ಹೆಸರುಗಳು. ಅಗೆದರೆ ಯಾವ ಅರ್ಥವೂ ನನಗೆ ಸಿಗಲಿಲ್ಲ. ಆದರೆ ಕತೆಯಲ್ಲಿ ಡ್ರ್ಯಾಗನ್‌ಗಳು ಗೆದ್ದ ಮೇಲೆ ಅಬ್ಜಾನ್, ತೆಮೂರ್ ಎಂಬ ಮನುಷ್ಯರ ಕುಲನಾಮಗಳೇ ಅಳಿಸಿಹೋಗುತ್ತವೆ. ಜನ ತಮ್ಮನ್ನು ಡ್ರ್ಯಾಗನ್‌ಗಳ ಹೆಸರಿನಿಂದಲೇ ಕರೆದುಕೊಳ್ಳುತ್ತಾರೆ.

ವೇವಿಕ್ಟಿಸ್ ಹೇಳಿದ್ದನ್ನು ಡ್ರೊಮೋಕ ಮಾಡಿ ತೋರಿಸಿತು. ನನಗೀಗ ಹೆಚ್ಚು ಭಯ ಆ ಮೆತ್ತನೆಯ ಹೆಸರಿನದೇ.