ಎರೆಯ ಮಕ್ಕಳಿಗೆ ಮಲೆಯ ಪಾಠ

ಪ್ರಾಥಮಿಕ ಶಾಲೆಯ ಪರಿಸರ ಪಾಠಗಳಲ್ಲಿ ಒಂದು ಕೋಷ್ಟಕವು ತಲೆಮಾರುಗಳಿಂದ ಕದಲದೆ ನಿಂತಿದೆ. ಎಡಗಡೆ ಪ್ರಾಣಿಗಳ ಹೆಸರು, ಬಲಗಡೆ ಅವುಗಳ ‘ಮನೆ’. ಸಿಂಹಕ್ಕೆ ಗುಹೆ, ಹಕ್ಕಿಗೆ ಗೂಡು, ಹಾವಿಗೆ ಹುತ್ತ. ಮಗು ಗೆರೆ ಎಳೆದು ಹೊಂದಿಸುತ್ತದೆ, ಅಂಕ ಪಡೆಯುತ್ತದೆ. ಜೀವಿ ಮತ್ತು ಅದರ ನೆಲೆ ಎಂಬ ವಿಷಯವು ಅಲ್ಲಿಗೆ ಮುಗಿಯುತ್ತದೆ. ಆದೋನಿ, ಅಂದರೆ ನಮ್ಮ ಹಿರಿಯರ ಆದವಾನಿ, ಮತ್ತು ಅದರ ಆಸುಪಾಸಿನ ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ ಸೀಮೆಯ ಕನ್ನಡ ಶಾಲೆಯ ಮಗುವಿನ ಕಣ್ಣಿನಿಂದ ಈ ಕೋಷ್ಟಕವನ್ನು ಓದಿದರೆ ಅದರ ಬಡತನ ಎದ್ದು ಕಾಣುತ್ತದೆ.

ಏಷ್ಯಾದ ಸಿಂಹ ಇಂದು ಕಾಡಿನಲ್ಲಿ ಉಳಿದಿರುವುದು ಗುಜರಾತಿನ ಗಿರ್ ಸೀಮೆಯಲ್ಲಿ ಮಾತ್ರ. ಅಲ್ಲಿಯೂ ಅದು ಗುಹೆಯಲ್ಲಿ ಸಂಸಾರ ಹೂಡಿಲ್ಲ. ಅದಿರಲಿ. ಹಕ್ಕಿಯ ‘ಮನೆ’ ಗೂಡು ಎಂಬ ಮಾತು ಇನ್ನೂ ದೊಡ್ಡ ತಪ್ಪು. ಗೂಡು ಮೊಟ್ಟೆ ಮರಿಗಳ ಕಾಲದ ತೊಟ್ಟಿಲೇ ಹೊರತು ವಾಸದ ಮನೆಯಲ್ಲ. ಈ ಬಯಲುಸೀಮೆಯ ಹಲವು ಹಕ್ಕಿಗಳಿಗೆ ಆ ತೊಟ್ಟಿಲೂ ಬೇಕಿಲ್ಲ. ಟಿಟ್ಟಿಭವು ಬರಿನೆಲದ ಹರಳುಗಳ ನಡುವೆ ಹರಳಿನಂಥವೇ ಮೊಟ್ಟೆಗಳನ್ನಿಟ್ಟು, ಹತ್ತಿರ ಬಂದವರನ್ನು ಕೂಗಿನಿಂದಲೇ ದಾರಿ ತಪ್ಪಿಸುತ್ತದೆ. ಕುರಿಯ ಹಿಂದೆ ಅಲೆದ ಮಗುವಿಗೆ ಇದು ಗೊತ್ತು. ಆದರೆ ‘ಹಕ್ಕಿ ಎಲ್ಲಿ ವಾಸಿಸುತ್ತದೆ?’ ಎಂಬ ಪ್ರಶ್ನೆಗೆ ಅದು ‘ಹೊಲದಲ್ಲಿ’ ಎಂದು ಬರೆದರೆ ಉತ್ತರ ತಪ್ಪಾಗುತ್ತದೆ. ಹುತ್ತದ ಸಂಗತಿಯಂತೂ ವಿಚಿತ್ರ. ಅದನ್ನು ಕಟ್ಟಿದ್ದು ಗೆದ್ದಲು, ಹಾವು ಆಮೇಲೆ ಹೊಕ್ಕದ್ದು. ಇದನ್ನು ನಮ್ಮ ಗಾದೆಮಾತು ಎಂದೋ ಹೇಳಿದೆ. ಕೋಷ್ಟಕವು ಗೆದ್ದಲನ್ನು ಅಳಿಸಿ ಹಾವಿಗೆ ಪಟ್ಟಾ ಬರೆದುಕೊಟ್ಟಿದೆ. ಒಂದು ಜೀವಿಯ ಶ್ರಮ ಇನ್ನೊಂದಕ್ಕೆ ಆಸರೆಯಾಗುವ ಬಗೆಯೇ ಪಾಠದ ತಿರುಳಾಗಬೇಕಿತ್ತು.

ಈ ದೋಷ ಎಲ್ಲ ಭಾಷೆಯ ಮಕ್ಕಳಿಗೂ ಸಮಾನ. ಗಡಿಯ ಕನ್ನಡ ಮಗುವಿಗೆ ಇದರ ಮೇಲೆ ಇನ್ನೆರಡು ಹೊರೆಗಳಿವೆ.

ಮೊದಲನೆಯದು ಅನುವಾದ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡ ಮಾಧ್ಯಮದ ವಿಷಯಪಠ್ಯಗಳು ಬಹುಮಟ್ಟಿಗೆ ರಾಜ್ಯದ ಸಾಮಾನ್ಯ ಪಠ್ಯದ ನೆರಳಾಗಿಯೇ ಬಂದಿವೆ. ತೆಲುಗು ಕನ್ನಡಗಳ ಸಂಸ್ಕೃತ ಪದಗಳು ಒಂದೇ ಆದ್ದರಿಂದ ಅನುವಾದ ಸುಲಭವೆಂದು ತೋರುತ್ತದೆ. ಅಪಾಯ ಇರುವುದು ಅಲ್ಲಿಯೇ. ‘ಆವಾಸ’ ಎಂಬುದು ಎರಡೂ ಲಿಪಿಗಳಲ್ಲಿ ಸಲೀಸಾಗಿ ದಾಟುತ್ತದೆ, ಮಗುವಿನ ಬಾಯಲ್ಲಿರುವ ‘ನೆಲೆ’ ಹೊರಗೇ ಉಳಿಯುತ್ತದೆ. ಪ್ರಾಣಿಗಳ ಹೆಸರಿನಲ್ಲಿ ತೊಡಕು ಇನ್ನೂ ಸೂಕ್ಷ್ಮ. ತೆಲುಗಿನವರು ಚುಕ್ಕೆಯ ಜಿಂಕೆಯನ್ನು ‘ದುಪ್ಪಿ’ ಎನ್ನುತ್ತಾರೆ. ಆಂಧ್ರದ ರಾಜ್ಯಪ್ರಾಣಿಯಾದ ಕೃಷ್ಣಮೃಗ ಅವರಿಗೆ ‘ಕೃಷ್ಣಜಿಂಕ’. ಆ ‘ಜಿಂಕ’ವನ್ನು ‘ಜಿಂಕೆ’ ಎಂದು ತಂದರೆ ಅಕ್ಷರಕ್ಕೆ ಅಕ್ಷರ ಸರಿಹೊಂದುತ್ತದೆ, ಆದರೆ ಇಂದಿನ ಕನ್ನಡ ಓದುಗನ ಕಣ್ಣಿಗೆ ಬರುವುದು ಮರದಡಿ ನಿಂತ ಚುಕ್ಕೆಯ ಪ್ರಾಣಿ. ಕವಲೊಡೆದು ವರ್ಷವರ್ಷ ಉದುರುವ ಕೊಂಬಿನದು ಒಂದು, ಸುರುಳಿ ತಿರುಗಿ ಉದುರದೆ ನಿಲ್ಲುವ ಕೊಂಬಿನದು ಇನ್ನೊಂದು. ಒಂದಕ್ಕೆ ಕಾಡಿನ ನೆರಳು ಬೇಕು, ಇನ್ನೊಂದಕ್ಕೆ ದೂರದವರೆಗೆ ಕಾಣುವ ಬಯಲು ಬೇಕು. ಬಡಗಣ ಕನ್ನಡದಲ್ಲಿ ಈ ಬಯಲಿನ ಪ್ರಾಣಿಗೆ ‘ಚಿಗರಿ’ ಎಂಬ ಸ್ವಂತ ಹೆಸರೇ ಇದೆ. ಅದೊಂದು ಪದವನ್ನು ಬಳಸಿದರೆ ಅರ್ಧ ಪಾಠ ತಾನಾಗಿ ಆಗುತ್ತದೆ.

ಎರಡನೆಯ ಹೊರೆ ನಮ್ಮದೇ ಸಾಹಿತ್ಯದ್ದು. ಇದನ್ನು ಹೇಳಲು ಕೊಂಚ ಧೈರ್ಯ ಬೇಕು. ಕನ್ನಡದಲ್ಲಿ ನಿಸರ್ಗವೆಂದರೆ ಮಲೆನಾಡು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’, ‘ಕರ್ವಾಲೊ’ ಮೊದಲಾದ ಕೃತಿಗಳು ನಮಗೆ ನೋಡುವುದನ್ನು ಕಲಿಸಿದವು. ಅದರಲ್ಲಿ ಅನುಮಾನವಿಲ್ಲ. ಆದರೆ ಅವು ನಮ್ಮ ಕಲ್ಪನೆಯಲ್ಲಿ ನೆಟ್ಟ ಚಿತ್ರ ಹಸಿರಿನದು, ಮಳೆಯದು, ದಟ್ಟಣೆಯದು. ಹಾರುವ ಓತಿಯನ್ನು ಬಲ್ಲ ಕನ್ನಡ ಓದುಗನು ಎರೆಹೊಲದ ಬಿರುಕಿನಲ್ಲಿ ಬೇಸಗೆ ಕಳೆಯುವ ಜೀವಿಗಳನ್ನು ಬಲ್ಲನೇ? ಶಿವರಾಮ ಕಾರಂತರು 1936ರಲ್ಲಿ ತಂದ ‘ಬಾಲಪ್ರಪಂಚ’ದ ಹಂಬಲ ದೊಡ್ಡದು, ಜಗತ್ತನ್ನೇ ಕನ್ನಡದ ಮಗುವಿನ ಅಂಗೈಗೆ ತರುವಂಥದು. ಅಂಥ ಹಂಬಲ ಬಯಲುಸೀಮೆಯ ಒಂದು ಫಿರ್ಕಾದ ಜೀವಜಗತ್ತಿನ ಮೇಲೆ ಇನ್ನೂ ಇಳಿದು ಬಂದಿಲ್ಲ. ಕಂದಾಯದ ಭಾಷೆ ಈ ಹುಲ್ಲುಬಯಲನ್ನು ‘ಬಂಜರು’ ಎಂದಿತು. ಅದನ್ನು ಅಲ್ಲಗಳೆಯಬಹುದಾಗಿದ್ದ ಸಾಹಿತ್ಯ ಮೌನವಾಗಿ ಒಪ್ಪಿಕೊಂಡಿತು.

ಬಂಜರು ಎಂದ ಬಯಲಿನಲ್ಲಿ ಏನಿತ್ತು? ಎರೆಭೂತವಿತ್ತು. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನಿಸಿಕೊಳ್ಳುವ, ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರುವ, ಸಾಮಾನ್ಯವಾಗಿ ವರ್ಷಕ್ಕೊಂದೇ ಮೊಟ್ಟೆಯನ್ನು ಬರಿನೆಲದ ಮೇಲಿಡುವ ಹಕ್ಕಿ ಅದು. ಕನ್ನಡದ ಹೆಸರಿನ ಮೊದಲ ಪದವೇ ಅದರ ನೆಲೆ: ಎರೆ, ಕರಿಯ ಮಣ್ಣು. (ಎರೆಹುಳುವಿನ ‘ಎರೆ’ ಬೇರೆ, ಅದು ಗಾಳಕ್ಕೆ ಸಿಕ್ಕಿಸುವ ಆಹಾರ. ಈ ವ್ಯತ್ಯಾಸವನ್ನೂ ಮಕ್ಕಳಿಗೆ ಸೊಗಸಾಗಿ ಹೇಳಬಹುದು.) ತೆಲುಗಿನವರು ಇದನ್ನು ‘ಬಟ್ಟಮೇಕ’ ಎನ್ನುತ್ತಾರೆ. ಅವಿಭಜಿತ ಕರ್ನೂಲು ಜಿಲ್ಲೆಯ ರೋಳ್ಳಪಾಡಿನಲ್ಲಿ 1988ರಲ್ಲಿ ಅಭಯಾರಣ್ಯವಾದದ್ದು ಇದರ ಸಲುವಾಗಿಯೇ. 2022ರ ವಿಂಗಡಣೆಯ ಬಳಿಕ ಅದು ನಂದ್ಯಾಲ ಜಿಲ್ಲೆಯಲ್ಲಿದೆ. ಅಲ್ಲಿ ಈಚೆಗೆ ಈ ಹಕ್ಕಿಯ ದರ್ಶನವೇ ದುರ್ಲಭ. ಇತ್ತ ಹೊಳಗುಂದದ ನೆರೆಯ ಸಿರುಗುಪ್ಪದ ಎರೆಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ‘ಅಭಯಾರಣ್ಯ’ ಎಂಬ ಪದದಲ್ಲಿಯೂ ಅರಣ್ಯ ಸೇರಿಕೊಂಡಿರುವುದನ್ನು ಗಮನಿಸಬೇಕು: ಮರ ಬೆಳೆದರೆ ಓಡಿಹೋಗುವ ಹಕ್ಕಿಗೆ ಅರಣ್ಯದ ಹೆಸರಿನಲ್ಲಿ ರಕ್ಷಣೆ!

ಗಡಿಯ ಮಗುವಿಗೆ ಎರಡು ಭಾಷೆಯಿರುವುದು ಕೊರತೆಯಲ್ಲ ಎಂಬುದನ್ನು ಪಠ್ಯಕಾರರು ಮರೆಯುತ್ತಾರೆ. ಮುಂಗಾರಿನ ಮೊದಲ ಮಳೆಗೆ ನೆಲದಿಂದ ಮೇಲೆದ್ದು ಬರುವ ಕೆಂಪು ಮಖಮಲ್ಲಿನಂಥ ಪುಟ್ಟ ಜೀವಿಯನ್ನು ತೆಲುಗಿನವರು ‘ಆರುದ್ರ ಪುರುಗು’ ಎಂದು ಕರೆಯುತ್ತಾರೆ. ಅದು ಆರಿದ್ರಾ ಮಳೆಯ ಹೆಸರು. ಒಂದು ಭಾಷೆ ಹಕ್ಕಿಯ ಹೆಸರಿನಲ್ಲಿ ಮಣ್ಣನ್ನು ಇಟ್ಟಿದೆ, ಇನ್ನೊಂದು ಹುಳದ ಹೆಸರಿನಲ್ಲಿ ಮಳೆಯನ್ನು ಇಟ್ಟಿದೆ. ಬರಿಯ ತೆಲುಗು ಪಠ್ಯಕ್ಕಾಗಲಿ ಬರಿಯ ಕರ್ನಾಟಕದ ಪಠ್ಯಕ್ಕಾಗಲಿ ಈ ಸಂಪತ್ತು ದಕ್ಕದು.

ಇನ್ನು ವಲಸೆ. ಚಳಿಗಾಲದಲ್ಲಿ ಉತ್ತರದ ದೂರದೇಶಗಳಿಂದ ಸೆಳೆವ ಜಾತಿಯ ಗಿಡುಗಗಳು ಈ ಬಯಲಿಗೆ ಬಂದು ಮಿಡತೆಗಳನ್ನು ತಿಂದು, ಇರುಳು ಹುಲ್ಲಿನಲ್ಲೇ ನೆಲಕ್ಕೆ ಕುಳಿತು ಮಲಗುತ್ತವೆ. ಸರಿಸುಮಾರು ಅದೇ ತಿಂಗಳುಗಳಲ್ಲಿ ಪಶ್ಚಿಮ ಕರ್ನೂಲಿನ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಆಹಾರ ಮುಗಿದಾಗ ನೆಲೆ ಬಿಡುವುದು, ಕಾಲ ತಿರುಗಿದಾಗ ಮರಳುವುದು ಏನೆಂದು ಈ ಮಕ್ಕಳಿಗೆ ಪುಸ್ತಕ ಹೇಳಬೇಕಾಗಿಲ್ಲ. ಆದರೆ ಪಾಠದ ದಿನ ಅವರು ತರಗತಿಯಲ್ಲಿರುವುದಿಲ್ಲ. ಹಕ್ಕಿಯ ವಲಸೆಯನ್ನು ಬೆರಗೆಂದು ಬಣ್ಣಿಸಿ ಮಗುವಿನ ಗುಳೆಯನ್ನು ಗೈರುಹಾಜರಿ ಎಂದು ಮಾತ್ರ ದಾಖಲಿಸುವ ಶಾಲೆ ನೆಲೆಯ ಪಾಠವನ್ನು ಹೇಗೆ ತಾನೇ ಹೇಳೀತು?

ಸಂವಿಧಾನದ 350ಎ ವಿಧಿಯನ್ನು 1956ರಲ್ಲಿ ಸೇರಿಸಿದಾಗ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂದಿತು. ಆ ಹಕ್ಕಿಗಾಗಿ ನಾವು ಅರ್ಜಿ ಬರೆದಿದ್ದೇವೆ, ಬರೆಯುತ್ತಲೂ ಇರುತ್ತೇವೆ. ಪಾಲಕರಾದರೋ ಬೇರೆ ಪ್ರಶ್ನೆ ಕೇಳುತ್ತಾರೆ: ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುವುದೇ ಕನ್ನಡ ಅಕ್ಷರದಲ್ಲಿದ್ದರೆ, ಮಗುವನ್ನು ಕನ್ನಡ ಶಾಲೆಗೆ ಏಕೆ ಕಳಿಸಬೇಕು? ಈ ಪ್ರಶ್ನೆಗೆ ಉತ್ತರ ಅರ್ಜಿಯಲ್ಲಿಲ್ಲ, ಮೂರನೆಯ ತರಗತಿಯ ಪಾಠದಲ್ಲಿದೆ. ಅದಕ್ಕೆ ಹೊಸ ಪುಸ್ತಕವೇ ಆಗಬೇಕೆಂದಿಲ್ಲ. ಕೋಷ್ಟಕದ ಬಲಬದಿಯನ್ನು ಖಾಲಿ ಬಿಟ್ಟು, ಎಡಬದಿಯಲ್ಲಿ ಟಿಟ್ಟಿಭ, ಚಿಗರಿ, ಗೆದ್ದಲು, ಗೀಜಗ, ಎರೆಭೂತ ಎಂದು ಅಚ್ಚುಹಾಕಿದರೆ ಸಾಕು. ಉಳಿದದ್ದನ್ನು ಮಗು ಮನೆಯಲ್ಲಿ ಅಜ್ಜನನ್ನು ಕೇಳಿಕೊಂಡು ಬರುತ್ತದೆ. ಎರೆಭೂತದ ಎದುರಿಗೆ ಏನು ಬರೆಯಬೇಕೆಂದು ಬಹುಶಃ ಅಜ್ಜನಿಗೆ ಮಾತ್ರ ಗೊತ್ತಿರುತ್ತದೆ.