ಅವಶೇಷಗಳ ಸ್ತ್ರೀಯರು: ಸ್ಮಾರಕವೂ ಸತ್ಯವೂ

ಬರ್ಲಿನ್ ನಗರದ ಹಾಸೆನ್‌ಹೈಡೆ ಉದ್ಯಾನದಲ್ಲಿ ಸುಣ್ಣಕಲ್ಲಿನ ಸ್ತ್ರೀಪ್ರತಿಮೆಯೊಂದಿದೆ. ತೊಡೆಯ ಮೇಲೆ ಸುತ್ತಿಗೆಯನ್ನಿಟ್ಟುಕೊಂಡು ಇಟ್ಟಿಗೆಗಳ ಮೇಲೆ ಕುಳಿತ ಆಕೆ ಮುಖವನ್ನು ಮೇಲಕ್ಕೆತ್ತಿದ್ದಾಳೆ. ಕಥರೀನಾ ಶೆಲಿನ್‌ಸ್ಕಿ-ಸಿಂಗರ್ ಕಡೆದ ಈ ಶಿಲ್ಪವು 1955ರಲ್ಲಿ ಅನಾವರಣಗೊಂಡಿತು. ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ಜರ್ಮನಿಯ ನಗರಗಳಲ್ಲಿ ಇಟ್ಟಿಗೆಗಳಿಗೆ ಅಂಟಿದ ಗಾರೆಯನ್ನು ಕೆತ್ತಿ, ಸಾಲಾಗಿ ನಿಂತು ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿದ ‘ಅವಶೇಷಗಳ ಸ್ತ್ರೀಯರ’ ಸ್ಮಾರಕವಿದು.

ಶಿಲ್ಪದ ಘನತೆಯನ್ನು ಅಲ್ಲಗಳೆಯಲಾಗದು. ಅದರಲ್ಲಿ ಆಯುಧವಿಲ್ಲ, ಜಯಘೋಷವಿಲ್ಲ. ದುಡಿದು ದಣಿದ ದೇಹ ಮಾತ್ರವಿದೆ. ಆದರೂ ಸ್ಮಾರಕವೆಂಬುದು ಒಂದು ಬಗೆಯ ಪ್ರಸಂಗವೇ. ಪ್ರಸಂಗವನ್ನು ಪರೀಕ್ಷಿಸುವವನು ಅದು ಬಿಟ್ಟುಬಿಟ್ಟ ಮಾತನ್ನೂ ಕೇಳಬೇಕಾಗುತ್ತದೆ.

ಇತಿಹಾಸಕಾರ್ತಿ ಲಿಯೋನಿ ಟ್ರೇಬರ್ 2014ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ನೆರವಾಗುತ್ತದೆ. ಬರ್ಲಿನ್‌ನಲ್ಲಿ ಈ ಕೆಲಸಕ್ಕಿಳಿದ ಸ್ತ್ರೀಯರು ಸುಮಾರು 60,000. ಅವಶೇಷಗಳ ಬಹುಭಾಗವನ್ನು ತೆರವುಗೊಳಿಸಿದವರು ಕಟ್ಟಡ ಸಂಸ್ಥೆಗಳ ಕೆಲಸಗಾರರು, ಯಂತ್ರಗಳ ನೆರವಿನಿಂದ. ಅನೇಕ ಸ್ತ್ರೀಯರನ್ನು ಅಲ್ಲಿಗೆ ಎಳೆದುತಂದದ್ದು ಹಸಿವು. ಗೃಹಿಣಿಗೆ ದೊರೆಯುತ್ತಿದ್ದ ಕನಿಷ್ಠ ದರ್ಜೆಯ ಪಡಿತರ ಚೀಟಿಯನ್ನು ಬರ್ಲಿನ್ನಿನ ಜನರು ‘ಸ್ವರ್ಗಾರೋಹಣದ ಚೀಟಿ’ ಎಂದು ಕಟಕಿಯಾಡುತ್ತಿದ್ದರು. ಕಲ್ಲು ಹೊತ್ತವಳಿಗೆ ಅದಕ್ಕಿಂತ ಮೇಲಿನ ದರ್ಜೆಯ ಚೀಟಿ ಸಿಗುತ್ತಿತ್ತು. ನಾತ್ಸಿ ಪಕ್ಷದ ಸದಸ್ಯರಾಗಿದ್ದವರಿಗೆ ಇದೇ ದುಡಿಮೆಯು ದಂಡನೆಯಾಗಿತ್ತು. ಇವರೆಲ್ಲರಿಗಿಂತ ಮೊದಲು, ಯುದ್ಧ ನಡೆಯುತ್ತಿರುವಾಗಲೇ, ಬಾಂಬುಗಳಿಂದ ಕುಸಿದ ಬೀದಿಗಳನ್ನು ತೆರವುಗೊಳಿಸಲು ಯುದ್ಧಕೈದಿಗಳನ್ನೂ ಸೆರೆಶಿಬಿರಗಳ ಬಂದಿಗಳನ್ನೂ ಬಲವಂತದಿಂದ ದುಡಿಸಲಾಗಿತ್ತು. ಅವರ ಪಾಲಿಗೆ ಈ ಕಲ್ಲಿನಲ್ಲಿ ಎಡೆಯಿಲ್ಲ.

ಸಂಖ್ಯೆ ಕಡಿಮೆಯೆಂದ ಮಾತ್ರಕ್ಕೆ ಒಬ್ಬೊಬ್ಬಳು ಹೊತ್ತ ಭಾರ ಹಗುರವಾಗುವುದಿಲ್ಲ. ಟ್ರೇಬರ್ ಅವರ ಅಂಕಿಗಳನ್ನು ಆ ಸ್ತ್ರೀಯರ ಅವಮಾನಕ್ಕೆ ಬಳಸುವುದು ಅನ್ಯಾಯ. ನಮ್ಮ ಆಕ್ಷೇಪ ಪ್ರತಿಮೆಯ ಮೌನಕ್ಕೆ. ಹಸಿವನ್ನೂ ಬಲವಂತವನ್ನೂ ಅಳಿಸಿ ದುಡಿಮೆಯನ್ನು ಕೇವಲ ತ್ಯಾಗವಾಗಿ ತೋರಿಸಿದಾಗ, ಆ ತ್ಯಾಗದ ಮರೆಯಲ್ಲಿ ಒಂದು ಜನಾಂಗದ ಅಪರಾಧವೂ ಅಡಗಿಕೊಳ್ಳುತ್ತದೆ. ಸಭೆಯೂ ಇದರಿಂದ ಮುಕ್ತವಲ್ಲ. 1945ರ ಅಕ್ಟೋಬರ್‌ನಲ್ಲಿ ಜರ್ಮನಿಯ ಪ್ರೊಟೆಸ್ಟೆಂಟ್ ನಾಯಕರು ಸ್ಟುಟ್‌ಗಾರ್ಟ್‌ನಲ್ಲಿ ಮಾಡಿದ ಅಪರಾಧದ ಅರಿಕೆಯಲ್ಲಿ ಯೆಹೂದ್ಯರ ಹೆಸರೇ ಬರಲಿಲ್ಲ.

ನೆಹೆಮೀಯನ ಗ್ರಂಥವು ಬೇರೊಂದು ಮಾದರಿಯನ್ನು ಮುಂದಿಡುತ್ತದೆ. ಮೂರನೆಯ ಅಧ್ಯಾಯವು ಯೆರೂಸಲೇಮಿನ ಗೋಡೆಯನ್ನು ಯಾರು ಎಲ್ಲಿಂದ ಎಲ್ಲಿಯ ತನಕ ಕಟ್ಟಿದರೆಂದು ಲೆಕ್ಕವಿಡುತ್ತದೆ. ಹೆಗಲು ಕೊಡದ ತೆಕೋವದ ಶ್ರೀಮಂತರನ್ನೂ ಮರೆಯುವುದಿಲ್ಲ. ಶಲ್ಲೂಮನ ಹೆಣ್ಣುಮಕ್ಕಳು ಕಟ್ಟಿದರೆಂದು ಹನ್ನೆರಡನೆಯ ವಚನ ಹೇಳುತ್ತದೆ, ಆದರೆ ಅವರ ಹೆಸರುಗಳನ್ನು ಕೊಡುವುದಿಲ್ಲ. ಈ ಕೊರತೆಯನ್ನು ನಾವು ಮರೆಮಾಚಬಾರದು. ಐದನೆಯ ಅಧ್ಯಾಯದಲ್ಲಿಯಾದರೋ ಕಟ್ಟುವ ಕಥನವೇ ಅರ್ಧದಲ್ಲಿ ನಿಲ್ಲುತ್ತದೆ. ಧಾನ್ಯಕ್ಕಾಗಿ ಹೊಲಗಳು ಒತ್ತೆಯಾಗಿವೆ, ಹೆಣ್ಣುಮಕ್ಕಳು ದಾಸತ್ವಕ್ಕೆ ಹೋಗುತ್ತಿದ್ದಾರೆ ಎಂದು ಜನರೂ ಅವರ ಹೆಂಡಂದಿರೂ ಸ್ವಜನರ ಮೇಲೆಯೇ ಮೊರೆಯಿಡುತ್ತಾರೆ. ನೆಹೆಮೀಯನು ಅವರಿಗೆ ತಾಳ್ಮೆಯನ್ನು ಬೋಧಿಸುವುದಿಲ್ಲ. ಹೊಲವನ್ನೂ ಮನೆಯನ್ನೂ ಬಡ್ಡಿಯನ್ನೂ ಹಿಂದಿರುಗಿಸುವಂತೆ ಸಾಲಕೊಟ್ಟವರನ್ನು ಒತ್ತಾಯಿಸುತ್ತಾನೆ. ಗೋಡೆಯ ಕಥೆಯೊಳಗೆ ದೂರಿಗೂ ಸ್ಥಳವಿದೆ.

ಯುದ್ಧದಿಂದ ಹಾಳಾದ ಊರನ್ನು ಸ್ತ್ರೀಯರು ಕಟ್ಟಿದ್ದನ್ನು ಬೋಧಪೀಠದಿಂದ ಹೊಗಳುವವರು ಈ ಎರಡು ಅಧ್ಯಾಯಗಳನ್ನೂ ಒಟ್ಟಿಗೆ ಓದಬೇಕು. ಆಕೆಗೆ ಸಿಕ್ಕ ಕೂಲಿಯೆಷ್ಟು, ಆಕೆಗಿಂತ ಮುಂಚೆ ಅಲ್ಲಿ ದುಡಿದು ಸತ್ತವರು ಯಾರು, ಕಟ್ಟಿದ ಮನೆ ಕೊನೆಗೆ ಯಾರ ಪಾಲಾಯಿತು ಎಂಬ ಪ್ರಶ್ನೆಗಳು ಹೊಗಳಿಕೆಗೆ ಅಡ್ಡಿಯಲ್ಲ. ಅವುಗಳನ್ನು ಕೇಳಿದ ಬಳಿಕವೇ ಆ ಹೊಗಳಿಕೆ ಸತ್ಯವಾಗುತ್ತದೆ.